ಓಡಾಟಕ್ಕೆ ಒಳ್ಳೇ ಹುಡುಗ



ಉದ್ದದ ಪೋಸ್ಟ್ ಇದು, ಪುರುಸೊತ್ತಾದಾಗ ಓದಿ. ಅಮೆರಿಕದ ಒಂದು ಆಟದ ಬಗ್ಗೆ ಬರೀತಿದ್ದೀನಿ. "ಇಲ್ಲಿ ಒಳಮೀಸಲಾತಿ, ಬ್ಯಾಕ್‌ಲಾಗ್ ಹುದ್ದೆ, ಸ್ಮಶಾನದ ಜಾಗ ಅಂತ ನೂರೆಂಟು ತಾಪತ್ರಯ ಇರುವಾಗ ಈ ಅಣ್ಣನಿಗೆ ಅಮೆರಿಕದ ಚೆಂಡಾಟ ಯಾಕೆ ಬೇಕಿತ್ತು" ಅಂತ ಕೆಲವರು ಕಾಮೆಂಟ್ ಹಾಕ್ತೀರಿ, ಗೊತ್ತು. ಪೂರ್ತಿ ಓದಿ, ಆಮೇಲೆ ಬೈಯಿರಿ.

ನನ್ನ ಅಕ್ಕನ ಮಗ ಅಮೆರಿಕದ ಮೇರಿಲ್ಯಾಂಡಿನಲ್ಲಿದ್ದಾನೆ. ಸಾಫ್ಟ್‌ವೇರ್ ಕೆಲಸ. ನಮ್ಮ ಕೇರಿಯಿಂದ ವಿಮಾನ ಹತ್ತಿದ ಮೊದಲ ಹುಡುಗ ಅವನು. ಫುಟ್‌ಬಾಲ್ ಸೀಸನ್ ಬಂತು ಅಂದ್ರೆ ಭಾನುವಾರ ಅಲ್ಲಿನ ಕನ್ನಡದವರು ಏಳೆಂಟು ಜನ ಒಬ್ಬರ ಮನೇಲಿ ಸೇರ್ತಾರೆ. ಬಾಲ್ಟಿಮೋರ್ ರೇವನ್ಸ್ ಅವರ ಊರಿನ ತಂಡ. ಎಲ್ಲರೂ ನೇರಳೆ ಬಣ್ಣದ ಅಂಗಿ ಹಾಕ್ಕೊಂಡು, ಚಿತ್ರಾನ್ನದ ತಟ್ಟೆ ಹಿಡ್ಕೊಂಡು ಟಿವಿ ಮುಂದೆ ಕೂರ್ತಾರೆ.

ಅವತ್ತು ತಂಡ ಸೋಲ್ತಾ ಇತ್ತಂತೆ. ಕ್ವಾರ್ಟರ್‌ಬ್ಯಾಕ್ ಲಮಾರ್ ಜಾಕ್ಸನ್ ಎಸೆದ ಚೆಂಡು ಎದುರಾಳಿ ಕೈಗೆ ಸಿಕ್ತು. ಆಗ ಒಬ್ಬರು ಅಂದ್ರಂತೆ: "ಇವನು ಓಡೋಕೆ ಹುಟ್ಟಿದವನು ಕಣ್ರೋ, ತಲೆ ಓಡಿಸೋಕಲ್ಲ."

ರಾತ್ರಿ ಫೋನ್ ಮಾಡಿ ಹುಡುಗ ಹೇಳಿದ: "ಮಾವ, ಎಲ್ಲರೂ ನಕ್ಕರು. ನಾನೂ ನಕ್ಕೆ. ಯಾಕೆ ನಕ್ಕೆ ಅಂತ ಗೊತ್ತಾಗ್ತಿಲ್ಲ."

ಅವನ ಜಾತಿ ಅಲ್ಲಿ ಯಾರಿಗೂ ಗೊತ್ತಿಲ್ಲ. "ನಿಮ್ಮೂರು ಯಾವುದು, ಮನೆದೇವರು ಯಾವುದು" ಅಂತ ಎರಡು ಸಲ ಕೇಳಿದ್ದಾರೆ, ಎರಡು ಸಲವೂ ಮಾತು ಮರೆಸಿದ್ದಾನೆ. ಅವತ್ತಿನ ನಗುವೂ ಅಂಥದೇ ಮಾತು ಮರೆಸೋ ಕೆಲಸ ಅಂತ ನನಗೆ ತಕ್ಷಣ ಅರ್ಥ ಆಯ್ತು. ಆದ್ರೆ ಫೋನಲ್ಲಿ ಏನೂ ಹೇಳೋಕಾಗಲಿಲ್ಲ. ಈ ಪೋಸ್ಟು ಅವನಿಗೆ ಕೊಡ್ತಿರೋ ಉತ್ತರ. ನಿಮಗೂ ಸಂಬಂಧ ಇದೆ ಅನ್ನಿಸಿದ್ದಕ್ಕೆ ಇಲ್ಲಿ ಹಾಕ್ತಿದ್ದೀನಿ.

ಮೊದಲು ಆಟ ಗೊತ್ತಿಲ್ಲದವರಿಗೆ ನಾಲ್ಕು ಮಾತು. ಇದು ಕಾಲಲ್ಲಿ ಒದೆಯೋ ಫುಟ್‌ಬಾಲ್ ಅಲ್ಲ. ಎರಡೂ ತುದಿ ಚೂಪಾದ ಚೆಂಡನ್ನ ಕೈಯಲ್ಲಿ ಹಿಡಿದು ಓಡ್ತಾರೆ, ಎಸೀತಾರೆ, ಎದುರಿನವರು ಮೈಮೇಲೆ ಬಿದ್ದು ಕೆಡವ್ತಾರೆ. ಒಂದೊಂದು ಕಡೆ 11 ಜನ. ನಾಲ್ಕು ಪ್ರಯತ್ನದಲ್ಲಿ 10 ಗಜ ಮುಂದೆ ಹೋಗಬೇಕು. ಪ್ರತಿ ಸಲ ಆಟ ಶುರುವಾದಾಗ ಸಾಮಾನ್ಯವಾಗಿ ಚೆಂಡು ಬರೋದು ಕ್ವಾರ್ಟರ್‌ಬ್ಯಾಕ್ ಕೈಗೆ. ಎದುರಾಳಿಗಳು ಹೇಗೆ ನಿಂತಿದ್ದಾರೆ ಅಂತ ಓದಿ, ಎರಡು ಮೂರು ಸೆಕೆಂಡಲ್ಲಿ ಯಾರಿಗೆ ಎಸೀಬೇಕು, ಯಾರ ಕೈಗೆ ಕೊಡಬೇಕು, ತಾನೇ ಓಡಬೇಕಾ ಅಂತ ತೀರ್ಮಾನ ಮಾಡಬೇಕು. ಅವನನ್ನ ತಂಡದ ತಲೆ ಅಂತಾರೆ. ಉಳಿದವರು ಕೈಕಾಲು.

ತಲೆ ಯಾರು, ಕಾಲು ಯಾರು. ಈ ಭಾಷೆ ನಮಗೆ ಯಾರೂ ಕಲಿಸಬೇಕಾಗಿಲ್ಲ.

ಈಗ 2018ಕ್ಕೆ ಬನ್ನಿ. ಆಗ ಲಮಾರ್ ಜಾಕ್ಸನ್‌ಗೆ 21 ವರ್ಷ. ಫ್ಲಾರಿಡಾದ ಕರಿಯ ಹುಡುಗ. ಲೂಯಿವಿಲ್ ವಿಶ್ವವಿದ್ಯಾಲಯಕ್ಕೆ ಆಡಿ 2016ರಲ್ಲಿ ಹೈಸ್ಮನ್ ಟ್ರೋಫಿ ಗೆದ್ದಿದ್ದ. ಕಾಲೇಜು ಫುಟ್‌ಬಾಲಿನಲ್ಲಿ ಅದಕ್ಕಿಂತ ದೊಡ್ಡ ವೈಯಕ್ತಿಕ ಪ್ರಶಸ್ತಿ ಇಲ್ಲ. ಆವರೆಗೆ ಅದನ್ನ ಗೆದ್ದವರಲ್ಲೇ ಅತಿ ಚಿಕ್ಕವನು. ವೃತ್ತಿಪರ ಲೀಗಿಗೆ ಆಟಗಾರರನ್ನ ಆರಿಸೋ ಡ್ರಾಫ್ಟ್ ಹತ್ತಿರ ಬಂದಾಗ ಅವನ ಬಲ ಏನು, ದೌರ್ಬಲ್ಯ ಏನು ಅಂತ ಅಮೆರಿಕ ಪೂರ್ತಿ ಚರ್ಚೆ.

ಲೀಗಿನ ಹಾಲ್ ಆಫ್ ಫೇಮ್ ಸೇರಿದ ಹಿರಿಯ ಆಡಳಿತಗಾರ ಬಿಲ್ ಪೋಲಿಯನ್ ಏನಂದ್ರು ಗೊತ್ತಾ? ಈ ಹುಡುಗ ಗಿಡ್ಡ, ಸಣಕಲು, ಬೇರೆಯವರಷ್ಟು ಚೆನ್ನಾಗಿ ಎಸೆಯೋಕೆ ಬರಲ್ಲ, ಆದ್ದರಿಂದ ಕ್ವಾರ್ಟರ್‌ಬ್ಯಾಕ್ ಆಸೆ ಬಿಟ್ಟು ವೈಡ್ ರಿಸೀವರ್ ಆಗಲಿ ಅಂತ. ಅಂದ್ರೆ ಬೇರೆಯವರು ಎಸೆದ ಚೆಂಡನ್ನ ಓಡಿ ಹೋಗಿ ಹಿಡಿಯೋ ಕೆಲಸಕ್ಕೆ ಹೋಗಲಿ ಅಂತ.

ಅದೇ ವರ್ಷ ಜಾಶ್ ಆಲನ್ ಅನ್ನೋ ಬಿಳಿಯ ಹುಡುಗನೂ ಡ್ರಾಫ್ಟಿನಲ್ಲಿದ್ದ. ಇಬ್ಬರ ಮೇಲೂ ಇದ್ದ ದೊಡ್ಡ ದೂರು ಒಂದೇ: ಗುರಿ ಸರಿ ಇಲ್ಲ. ಲೆಕ್ಕ ನೋಡಿ. ಎಸೆದ ಚೆಂಡುಗಳಲ್ಲಿ ತನ್ನವರ ಕೈ ಸೇರಿದ್ದು ಕಾಲೇಜಿನ ಒಟ್ಟು ದಾಖಲೆಯಲ್ಲಿ ಆಲನ್‌ದು ಶೇಕಡಾ 56ರ ಆಸುಪಾಸು. ಜಾಕ್ಸನ್‌ದು ಶೇಕಡಾ 57. ಒಂದು ಕೂದಲೆಳೆ ಜಾಕ್ಸನ್ನೇ ಮೇಲೆ.

ದೂರು ಒಂದೇ, ತೀರ್ಪು ಬೇರೆ. ಆಲನ್ ಬಗ್ಗೆ: ತೋಳಿನಲ್ಲಿ ಶಕ್ತಿ ಇದೆ, ಇನ್ನೂ ಹಸಿ, ಒಳ್ಳೆ ಕೋಚ್ ಸಿಕ್ಕರೆ ಪಳಗ್ತಾನೆ. ಜಾಕ್ಸನ್ ಬಗ್ಗೆ: ಜಾಗ ಬದಲಾಯಿಸಲಿ. ಆಲನ್ 7ನೆಯವನಾಗಿ ಆಯ್ಕೆ ಆದ. ಜಾಕ್ಸನ್‌ಗಿಂತ ಮೊದಲು ನಾಲ್ಕು ಜನ ಕ್ವಾರ್ಟರ್‌ಬ್ಯಾಕ್‌ಗಳನ್ನ ಆರಿಸಿಕೊಂಡರು, ನಾಲ್ವರೂ ಬಿಳಿಯರು. ಜಾಕ್ಸನ್‌ನ ಕರೆದದ್ದು ಮೊದಲ ಸುತ್ತಿನ ಕಟ್ಟಕಡೆಯ, 32ನೇ ಆಯ್ಕೆಯಾಗಿ.

ನಾನು ಹೇಳಬೇಕಾದ ಮಾತು ಇದೇ. ಒಬ್ಬನ ದೌರ್ಬಲ್ಯ ಕಲಿತು ದಾಟೋ ಪಾಠ. ಇನ್ನೊಬ್ಬನ ದೌರ್ಬಲ್ಯ ಹುಟ್ಟುಗುಣ. ಒಬ್ಬನಿಗೆ ಮೇಷ್ಟ್ರನ್ನ ಹುಡುಕ್ತಾರೆ, ಇನ್ನೊಬ್ಬನಿಗೆ ಬಾಗಿಲು ತೋರಿಸ್ತಾರೆ. ಕೆಟ್ಟ ಶಬ್ದ ಒಂದೂ ಬಳಸಬೇಕಾಗಿಲ್ಲ. ಬೈಗುಳ ಇಲ್ಲದೇನೇ ಈ ಕೆಲಸ ನಡೆಯುತ್ತೆ. ಹೊಗಳಿಕೆಯಲ್ಲೇ ನಡೆಯುತ್ತೆ. "ಏನು ವೇಗ! ಏನು ಮೈಕಟ್ಟು! ಹುಟ್ಟು ಕ್ರೀಡಾಪಟು!" ಹುಟ್ಟಿನಿಂದಲೇ ಬಂದಿದ್ದು ಅಂದ್ಮೇಲೆ ಅವನ ಅಭ್ಯಾಸಕ್ಕೆ, ಯೋಚನೆಗೆ, ನಿದ್ದೆಗೆಟ್ಟು ಕಲಿತದ್ದಕ್ಕೆ ಲೆಕ್ಕವೇ ಇಲ್ಲ.

ಆಗ ಆ ಹುಡುಗ ಮಾಡಿದ ಒಂದು ಕೆಲಸ ನನಗೆ ಬಹಳ ಇಷ್ಟ. ಡ್ರಾಫ್ಟಿಗೆ ಮುಂಚೆ ಎಲ್ಲ ಆಟಗಾರರ ಪರೀಕ್ಷೆ ನಡೆಯುತ್ತೆ, ಅದರಲ್ಲಿ 40 ಗಜದ ಓಟವೂ ಒಂದು. ಅಷ್ಟು ವೇಗದ ಈ ಹುಡುಗ ಓಡಲಿಲ್ಲ. ರಿಸೀವರ್ ಆಗಿ ಪರೀಕ್ಷೆ ಕೊಡೋಕೂ ಒಪ್ಪಲಿಲ್ಲ. ನಾನು ಕ್ವಾರ್ಟರ್‌ಬ್ಯಾಕ್, ನೋಡೋದಾದ್ರೆ ಹಾಗೇ ನೋಡಿ ಅನ್ನೋದು ಅವನ ಪಟ್ಟು. ಓಡಿದ್ದರೆ ಚಪ್ಪಾಳೆ ಬೀಳ್ತಿತ್ತು, ಆ ಚಪ್ಪಾಳೆಯೇ ಅವನ ಕಾಲಿಗೆ ಕಟ್ಟಿದ ಹಗ್ಗ ಆಗ್ತಿತ್ತು. ಅವನಿಗೆ ಏಜೆಂಟ್ ಇರಲಿಲ್ಲ. ಅವನ ವ್ಯವಹಾರ ನೋಡ್ಕೊಳ್ತಿದ್ದಿದ್ದು ಅವನ ತಾಯಿ. ಅದಕ್ಕೂ ಕೊಂಕು ಮಾತು.

ಮುಂದೇನಾಯ್ತು? 2019ರಲ್ಲಿ, ಪೂರ್ತಿಯಾಗಿ ಆಡಿದ ಮೊದಲ ಸೀಸನ್ನಿನಲ್ಲೇ, 36 ಟಚ್‌ಡೌನ್ ಪಾಸ್. ಆ ವರ್ಷ ಲೀಗಿನಲ್ಲೇ ಅತಿ ಹೆಚ್ಚು. ಎಸೆಯೋಕೆ ಬರಲ್ಲ ಅಂದವರ ಮುಂದೆ ಎಸೆಯೋದರಲ್ಲೇ ಮೊದಲು! ಜೊತೆಗೆ 1,206 ಗಜ ಓಟ, ಕ್ವಾರ್ಟರ್‌ಬ್ಯಾಕ್ ಒಬ್ಬ ಒಂದೇ ಸೀಸನ್ನಿನಲ್ಲಿ ಮಾಡಿದ ದಾಖಲೆ. ಆ ಸೀಸನ್ನಿನ ಶ್ರೇಷ್ಠ ಆಟಗಾರ, ಅಂದ್ರೆ ಎಂವಿಪಿ, ಅಂತ 50ಕ್ಕೆ 50 ಮತ. ಸೀಸನ್ನಿನ ಮೊದಲ ಪಂದ್ಯದಲ್ಲಿ ಐದು ಟಚ್‌ಡೌನ್ ಎಸೆದ ಮೇಲೆ, ಓಡೋನೊಬ್ಬನಿಗೆ ಇದು ಪರವಾಗಿಲ್ಲ ಅಲ್ವಾ ಅನ್ನೋ ಅರ್ಥದಲ್ಲಿ ನಗ್ತಾ ಒಂದು ಮಾತು ಬಿಟ್ಟ. ಪೋಲಿಯನ್ ಕೂಡ ತಾನು ತಪ್ಪಿದ್ದೆ ಅಂತ ಆ ವರ್ಷ ಒಪ್ಪಿಕೊಂಡ್ರು. ಒಪ್ಪಿಕೊಂಡದ್ದು ದೊಡ್ಡತನ. 2023ರಲ್ಲಿ ಜಾಕ್ಸನ್‌ಗೆ ಎರಡನೇ ಸಲ ಎಂವಿಪಿ.

ಆದ್ರೂ 2019ರ ಡಿಸೆಂಬರಿನಲ್ಲಿ ಎದುರಾಳಿ ತಂಡದ ರೇಡಿಯೋ ವಿಶ್ಲೇಷಕನೊಬ್ಬ ಹೇಳಿದ್ದೇನು? ಜಾಕ್ಸನ್ ಮೈಬಣ್ಣ ಕಪ್ಪು, ಚೆಂಡಿನ ಬಣ್ಣವೂ ಗಾಢ, ಆದ್ದರಿಂದ ಚೆಂಡು ಎಲ್ಲಿದೆ ಅಂತ ಕಾಣಲ್ಲ ಅಂತ. ಅವನ ತಂಡದವರೇ ಅವನನ್ನ ಒಂದು ಪಂದ್ಯಕ್ಕೆ ಅಮಾನತು ಮಾಡಿದ್ರು. ಕೈಚಳಕಕ್ಕೂ ಚರ್ಮವೇ ಕಾರಣ ಅಂದಂಗಾಯ್ತು!

ಇದು ಒಬ್ಬ ಹುಡುಗನ ಕಥೆ ಅಲ್ಲ. ಆ ಲೀಗಿನಲ್ಲಿ 1934ರಿಂದ 1945ರವರೆಗೆ ಒಬ್ಬ ಕರಿಯ ಆಟಗಾರನೂ ಇರಲಿಲ್ಲ. 1946ರಲ್ಲಿ ಬಾಗಿಲು ತೆಗೆದ ಮೇಲೂ ತಲೆಯ ಜಾಗ ಬಿಟ್ಟುಕೊಡಲಿಲ್ಲ. 1968ರಲ್ಲಿ ಡೆನ್ವರ್ ತಂಡದ ಮಾರ್ಲಿನ್ ಬ್ರಿಸ್ಕೋ ತನ್ನ ಮೊದಲ ವರ್ಷವೇ ಕ್ವಾರ್ಟರ್‌ಬ್ಯಾಕ್ ಆಗಿ 14 ಟಚ್‌ಡೌನ್ ಎಸೆದ. ಮುಂದಿನ ವರ್ಷ ಆ ಜಾಗಕ್ಕೆ ಪೈಪೋಟಿ ಮಾಡೋ ಅವಕಾಶವನ್ನೇ ಕೊಡಲಿಲ್ಲ. ಬೇರೆ ತಂಡಕ್ಕೆ ಹೋಗಿ ರಿಸೀವರ್ ಆಗಿ ಬದುಕಿದ. ವಾರನ್ ಮೂನ್‌ನ 1978ರಲ್ಲಿ ಒಂದು ತಂಡವೂ ಆರಿಸಲಿಲ್ಲ. ಅವನು ಕೆನಡಾಕ್ಕೆ ಹೋಗಿ ಎಡ್ಮಂಟನ್ ತಂಡದ ಜೊತೆ ಸತತ ಐದು ವರ್ಷ ಗ್ರೇ ಕಪ್ ಗೆದ್ದ, ವಾಪಸ್ ಬಂದ, 2006ರಲ್ಲಿ ಹಾಲ್ ಆಫ್ ಫೇಮ್ ಸೇರಿದ. 1988ರಲ್ಲಿ ಡಗ್ ವಿಲಿಯಮ್ಸ್ ಒಂದೇ ಕ್ವಾರ್ಟರಿನಲ್ಲಿ ನಾಲ್ಕು ಟಚ್‌ಡೌನ್ ಎಸೆದು ಸೂಪರ್ ಬೌಲ್ ಗೆದ್ದ, ಕರಿಯ ಕ್ವಾರ್ಟರ್‌ಬ್ಯಾಕ್‌ಗಳಲ್ಲಿ ಮೊದಲಿಗ. ಎರಡೂ ಕಡೆ ಕರಿಯ ಕ್ವಾರ್ಟರ್‌ಬ್ಯಾಕ್‌ಗಳೇ ಇದ್ದ ಮೊದಲ ಸೂಪರ್ ಬೌಲ್ ಯಾವಾಗ? 2023ರ ಫೆಬ್ರವರಿಯಲ್ಲಿ. ಮೊನ್ನೆ ಮೊನ್ನೆ! ಬಣ್ಣ ನೋಡಿ ಜಾಗ ಹಂಚೋ ಈ ಪದ್ಧತಿಗೆ ಅಲ್ಲಿನ ಸಮಾಜಶಾಸ್ತ್ರಜ್ಞರು ಸ್ಟ್ಯಾಕಿಂಗ್ ಅಂತ ಹೆಸರಿಟ್ಟಿದ್ದಾರೆ. ನಮ್ಮಲ್ಲಿ ಅದರ ಹೆಸರು ಎಲ್ಲರಿಗೂ ಗೊತ್ತು.

"ಅಯ್ಯೋ, ಆಟ ಆಟ ಅಷ್ಟೇ, ಎಲ್ಲದಕ್ಕೂ ಬಣ್ಣ ಜಾತಿ ತರಬೇಡಿ" ಅನ್ನೋರಿಗೆ ಇನ್ನೊಂದು ವಿಷಯ. ಈ ಆಟದಲ್ಲಿ ತಲೆಗೆ ಪೆಟ್ಟು ಬಿದ್ದು ಬಿದ್ದು ಎಷ್ಟೋ ಆಟಗಾರರಿಗೆ ವಯಸ್ಸಾದ ಮೇಲೆ ಮರೆವಿನ ರೋಗ ಬಂತು. ಕೋರ್ಟಿನಲ್ಲಿ ರಾಜಿಯಾಗಿ ಪರಿಹಾರ ಕೊಡೋಕೆ ಲೀಗ್ ಒಪ್ಪಿತು. ಆದ್ರೆ ಪರಿಹಾರಕ್ಕೆ ಮಾಡೋ ಪರೀಕ್ಷೆಯಲ್ಲಿ ಕರಿಯರ ಬುದ್ಧಿಶಕ್ತಿ ಮೊದಲೇ ಕಡಿಮೆ ಇತ್ತು ಅಂತ ಹಿಡಿದು ಅಂಕ ಹಾಕ್ತಿದ್ರು. ಅದಕ್ಕೆ ರೇಸ್ ನಾರ್ಮಿಂಗ್ ಅಂತ ಹೆಸರು. ಅಂದ್ರೆ ಅದೇ ಅಂಕ ಬಂದ ಇಬ್ಬರಲ್ಲಿ ಬಿಳಿಯನಿಗೆ ರೋಗ, ಪರಿಹಾರ. ಕರಿಯನಿಗೆ? "ನೀನು ಮೊದಲೇ ಇಷ್ಟೇ ಇದ್ದೆ, ನಿನಗೆ ಏನೂ ನಷ್ಟ ಆಗಿಲ್ಲ." ಇಬ್ಬರು ಕರಿಯ ಮಾಜಿ ಆಟಗಾರರು 2020ರಲ್ಲಿ ಕೋರ್ಟಿಗೆ ಹೋದ ಮೇಲೆ, 2021ರಲ್ಲಿ ಇದನ್ನ ಕೈಬಿಡ್ತೀವಿ ಅಂತ ಲೀಗ್ ಹೇಳಿತು. ಟಿವಿ ಮುಂದೆ ಕೂತು "ತಲೆ ಓಡಿಸೋಕೆ ಬರಲ್ಲ" ಅನ್ನೋ ನಗೆಮಾತಿಗೂ ಈ ಲೆಕ್ಕಕ್ಕೂ ಬೇರು ಒಂದೇ. ಒಂದು ಕಡೆ ಅದು ಹರಟೆ, ಇನ್ನೊಂದು ಕಡೆ ಒಬ್ಬ ಮುದುಕನ ಔಷಧಿ ದುಡ್ಡು.

ಈಗ ನಮ್ಮ ಕಡೆ ಬರ್ತೀನಿ. ಧಾರವಾಡದಲ್ಲಿ ಹುಟ್ಟಿದ ಪಾಲ್ವಂಕರ್ ಬಾಳೂ ಹೆಸರು ನಮ್ಮ ಎಷ್ಟು ಹುಡುಗರಿಗೆ ಗೊತ್ತು? ಚಮ್ಮಾರ ಸಮುದಾಯದ ಎಡಗೈ ಸ್ಪಿನ್ನರ್. ಪುಣೆಯಲ್ಲಿ ಯುರೋಪಿಯನ್ನರ ಕ್ಲಬ್ಬಿನಲ್ಲಿ ಮೈದಾನ ನೋಡ್ಕೊಳ್ಳೋ ಕೆಲಸ ಮಾಡ್ತಾ ಸಾಹೇಬರಿಗೆ ಗಂಟೆಗಟ್ಟಲೆ ಬೌಲ್ ಮಾಡಿದವನು. ಬ್ಯಾಟು ಮಾತ್ರ ಅವನ ಕೈಗೆ ಕೊಡ್ತಿರಲಿಲ್ಲ. ಆಮೇಲೆ ಹಿಂದೂ ತಂಡದವರಿಗೆ ಅವನ ಬೌಲಿಂಗ್ ಬೇಕಾಯ್ತು. ಮೈದಾನದಲ್ಲಿ ಅವನು ಮುಟ್ಟಿದ ಚೆಂಡನ್ನ ಎಲ್ಲರೂ ಮುಟ್ಟಬಹುದು, ಟೀ ಬಿಡುವಿನಲ್ಲಿ ಮಾತ್ರ ಅವನಿಗೆ ಹೊರಗಡೆ, ಮಣ್ಣಿನ ಲೋಟ. 1911ರಲ್ಲಿ ಇಂಗ್ಲೆಂಡಿಗೆ ಹೋದ ತಂಡಕ್ಕೆ ನೂರಕ್ಕೂ ಹೆಚ್ಚು ವಿಕೆಟ್ ತೆಗೆದುಕೊಟ್ಟ. ಅಷ್ಟಾದ್ರೂ ಹಿಂದೂ ತಂಡದ ನಾಯಕತ್ವ ಅವನಿಗೆ ಕೊನೇವರೆಗೂ ಸಿಗಲಿಲ್ಲ. ಅವನ ತಮ್ಮ ವಿಠ್ಠಲನಿಗೆ 1923ರಲ್ಲಿ ಸಿಕ್ತು, ಅದೂ ಅಣ್ಣತಮ್ಮಂದಿರು ಪ್ರತಿಭಟಿಸಿ ಹೊರಗೆ ನಿಂತ ಮೇಲೆ. ಬಾಳೂ ಮುಂದೆ 1937ರ ಚುನಾವಣೆಯಲ್ಲಿ ಕಾಂಗ್ರೆಸ್ಸಿನಿಂದ ಬಾಬಾಸಾಹೇಬರ ವಿರುದ್ಧವೇ ನಿಂತು ಸೋತ, ಅದೂ ಗೊತ್ತು. ಅದಕ್ಕಾಗಿ ಮಣ್ಣಿನ ಲೋಟದ ಲೆಕ್ಕ ಚುಕ್ತಾ ಆಗಲ್ಲ. ತೋಳು ಬೇಕು, ತಲೆ ಬೇಡ. ಬಾಲ್ಟಿಮೋರಿನಲ್ಲೂ ಅದೇ, ಪುಣೆಯಲ್ಲೂ ಅದೇ.

ನನ್ನ ಕಚೇರಿಯಲ್ಲೂ ಅದೇ.

ಬಿ.ಎ. ಮುಗಿಸಿ ಗುಮಾಸ್ತನಾಗಿ ಸೇರಿದಾಗ ನನಗೆ 26 ವರ್ಷ. ಮೊದಲ ಆರು ವರ್ಷ ನಾನು ಮಾಡಿದ್ದು ಟಪಾಲು, ಖಜಾನೆಗೆ ಬಿಲ್ ಒಯ್ಯೋದು, ದೊಡ್ಡ ಸಾಹೇಬರು ಬಂದ್ರೆ ಐಬಿಯಲ್ಲಿ ರೂಮು, ಊಟದ ವ್ಯವಸ್ಥೆ. ನನ್ನ ಜೊತೆಗೇ, ಅದೇ ಹುದ್ದೆಗೆ ಬಂದ ಇನ್ನೊಬ್ಬನಿಗೆ ಮೊದಲ ತಿಂಗಳೇ ಕಡತ ಕೊಟ್ರು. ಅವನು ಟಿಪ್ಪಣಿಯಲ್ಲಿ ತಪ್ಪು ಮಾಡಿದ್ರೆ ಸೂಪರಿಂಟೆಂಡೆಂಟರು ಪಕ್ಕದಲ್ಲಿ ಕೂರಿಸ್ಕೊಂಡು, ಕೆಂಪು ಇಂಕಿನಲ್ಲಿ ತಿದ್ದಿ ಹೇಳಿಕೊಡ್ತಿದ್ರು. ನಾನು ಹೋಗಿ "ಸಾರ್, ನನಗೂ ಒಂದು ವಿಷಯ ಕೊಡಿ, ಕಡತ ನೋಡ್ತೀನಿ" ಅಂದೆ. ಬೆನ್ನು ತಟ್ಟಿ ಹೇಳಿದ್ರು: "ನಿಂಗ್ಯಾಕಪ್ಪ ಆ ತಲೆನೋವು? ನೀನು ಓಡಾಟಕ್ಕೆ ಒಳ್ಳೇ ಹುಡುಗ."

ಆವತ್ತು ನನಗೆ ಖುಷಿ ಆಗಿತ್ತು ಬಂಧುಗಳೇ. ಮನೆಗೆ ಹೋಗಿ ಅವ್ವನಿಗೆ ಹೇಳ್ಕೊಂಡಿದ್ದೆ, ಸಾಹೇಬರು ಹೊಗಳಿದ್ರು ಅಂತ. ಅದು ಹೊಗಳಿಕೆ ಅಲ್ಲ, ಬೇಲಿ ಅಂತ ತಿಳಿಯೋಕೆ ವರ್ಷಗಳು ಬೇಕಾದವು. ಕೊನೆಗೆ ಕಡತ ಕೈಗೆ ಬಂದಾಗ ಮೊದಲ ಟಿಪ್ಪಣಿಯಲ್ಲಿ ಒಂದು ಆದೇಶದ ದಿನಾಂಕ ತಪ್ಪಾಗಿ ಬರೆದೆ. ಕೆಂಪು ಇಂಕು ಬರಲಿಲ್ಲ, ಪಕ್ಕಕ್ಕೆ ಕುರ್ಚಿಯೂ ಬರಲಿಲ್ಲ. ಹಿಂದಿನ ಮೇಜಿನಿಂದ ಒಂದು ಮಾತು ಬಂತು: "ಕೋಟಾದವರಿಗೆ ಕೊಟ್ರೆ ಇಷ್ಟೇ." ನನ್ನ ಜೊತೆಗಾರ ತಪ್ಪು ಮಾಡಿದಾಗ ಅವನೊಬ್ಬ ತಪ್ಪು ಮಾಡಿದ್ದ. ನಾನು ಮಾಡಿದಾಗ ನನ್ನ ಕೇರಿಯೇ ತಪ್ಪು ಮಾಡಿತ್ತು.

ಅಕ್ಕನ ಮಗನೇ, ನೀನು ಯಾಕೆ ನಕ್ಕೆ ಅಂತ ನನಗೆ ಗೊತ್ತು. ಅವತ್ತು ಕಚೇರಿಯಲ್ಲಿ ನಾನೂ ಸಣ್ಣಗೆ ನಕ್ಕಿದ್ದೆ. ಸಿಟ್ಟು ಬಂದ್ರೆ ಸಿಕ್ಕಿಬೀಳ್ತೀವಿ ಅನ್ನೋ ಭಯಕ್ಕೆ ನಗು ಬರುತ್ತೆ. ಅದಕ್ಕಾಗಿ ನಿನ್ನನ್ನ ನೀನು ಹಳಿದುಕೊಳ್ಳಬೇಡ. ಜಾತಿ ಹೇಳಿಕೊಂಡು ಜಗಳ ಮಾಡು ಅಂತಲೂ ನಾನು ಹೇಳಲ್ಲ, ಅಲ್ಲಿ ನೀನು ಒಬ್ಬನೇ ಇದ್ದೀಯ. ಒಂದು ಕೆಲಸ ಮಾಡು. ಆ ಮಾತು ಮತ್ತೆ ಬಂದ್ರೆ 56 ಮತ್ತು 57, ಈ ಎರಡು ಅಂಕಿ ಅವರ ಮುಂದಿಡು. ಇಬ್ಬರಿಗೂ ಒಂದೇ ರೋಗ ಇದ್ದಾಗ ಒಬ್ಬನಿಗೆ ಔಷಧಿ, ಇನ್ನೊಬ್ಬನಿಗೆ ವರ್ಗಾವಣೆ ಯಾಕೆ ಅಂತ ಕೇಳು. ಅಷ್ಟೇ ಸಾಕು.

ಇನ್ನು ನಮ್ಮವರಲ್ಲೇ ಕೆಲವರು ಹೇಳೋದಿದೆ: ಕರಿಯ ಆಟಗಾರನ ಬಗ್ಗೆ ಯಾರು ಏನೇ ಟೀಕೆ ಮಾಡಿದ್ರೂ ಅದು ಜನಾಂಗೀಯತೆ. ನಾನು ಒಪ್ಪಲ್ಲ. ಜಾಕ್ಸನ್‌ಗೆ ದೌರ್ಬಲ್ಯ ಇವೆ. 2019ರ ಆ ಸೀಸನ್ನಿನಲ್ಲಿ ಅವನ ತಂಡ 14 ಪಂದ್ಯ ಗೆದ್ದು 2 ಮಾತ್ರ ಸೋತಿತ್ತು, ಆಮೇಲೆ ನಾಕೌಟಿನ ಮೊದಲ ಪಂದ್ಯದಲ್ಲೇ ಮಣ್ಣುಮುಕ್ಕಿತು. ನಾಕೌಟ್ ಪಂದ್ಯಗಳಲ್ಲಿ ಅವನು ಎಸೆದ ಚೆಂಡು ಎದುರಾಳಿ ಕೈ ಸೇರಿದ್ದಿದೆ, ಕೈಯಿಂದ ಜಾರಿದ್ದೂ ಇದೆ. ಅಭಿಮಾನಿಗಳು ಬೈಯಲಿ. ದುಡ್ಡು ಕೊಟ್ಟು ಟಿಕೆಟ್ ತಗೊಂಡೋರು ಅವರು. ಈ ಚೆಂಡನ್ನ ಯಾಕೆ ಆ ಕಡೆ ಎಸೆದೆ ಅಂತ ಕೇಳೋದು ಟೀಕೆ. ಇವನು ಹುಟ್ಟಿದ್ದೇ ಓಡೋಕೆ ಅನ್ನೋದು ಜಾತಿ ಸರ್ಟಿಫಿಕೇಟು. ಟೀಕೆಯಲ್ಲಿ ಮುಂದಿನ ವಾರಕ್ಕೆ ಜಾಗ ಇರುತ್ತೆ. ಸರ್ಟಿಫಿಕೇಟಿನಲ್ಲಿ ಇರಲ್ಲ.

ಆಲನ್ ಏನಾದ ಅಂತಲೂ ಹೇಳಬೇಕು, ಇಲ್ಲದಿದ್ರೆ ಅನ್ಯಾಯ. ಮೊದಲ ವರ್ಷ ಅವನ ಗುರಿ ಶೇಕಡಾ 52.8. ತಂಡ ಕಾಯ್ತು, ಕಲಿಸಿತು. ಮೂರನೇ ವರ್ಷ ಶೇಕಡಾ 69. ಮುಂದೆ 2024ರ ಎಂವಿಪಿ. ಅವನ ಯಶಸ್ಸಿನ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ. ಕಾದರೆ, ಕಲಿಸಿದರೆ ಮನುಷ್ಯ ಎಲ್ಲಿಗೆ ಮುಟ್ಟಬಹುದು ಅನ್ನೋದಕ್ಕೆ ಅವನೇ ಸಾಕ್ಷಿ. ನಾವು ಕೇಳ್ತಿರೋದೂ ಅಷ್ಟೇ. ನಮ್ಮ ಮಕ್ಕಳಲ್ಲಿ ದೌರ್ಬಲ್ಯವೇ ಇಲ್ಲ ಅಂತ ನಾವು ಹೇಳ್ತಿಲ್ಲ. ತಪ್ಪು ಮಾಡಿ, ತಿದ್ದಿಸಿಕೊಂಡು, ಅದೇ ಕುರ್ಚಿಯಲ್ಲಿ ಮತ್ತೆ ಕೂರೋ ಹಕ್ಕು ಕೇಳ್ತಿದ್ದೀವಿ. ಮೊದಲ ಸಲವೇ ಬಂಗಾರ ಆಗಿರಬೇಕು ಅನ್ನೋ ಷರತ್ತು ನಮಗೆ ಮಾತ್ರ ಯಾಕೆ?

ಇಲ್ಲಿಗೆ ನಿಲ್ಲಿಸಿದ್ರೆ ಎಲ್ಲರೂ ಜೈ ಭೀಮ್ ಹಾಕಿ ಶೇರ್ ಮಾಡ್ತೀರಿ. ಆದ್ರೆ ಒಂದು ಮಾತು ಉಳಿದಿದೆ, ಅದು ನನ್ನ ಮೇಲೇ ಬರೋ ಮಾತು.

ನಮ್ಮ ಸಂಘದಲ್ಲಿ ಪೌರಕಾರ್ಮಿಕ ಕುಟುಂಬದ ಒಬ್ಬ ಹುಡುಗ ಇದ್ದಾನೆ. ಐದು ವರ್ಷದಿಂದ ಫ್ಲೆಕ್ಸ್ ಕಟ್ಟೋದು, ಶಾಮಿಯಾನ, ಕುರ್ಚಿ ಸಾಗಿಸೋದು, ಪೊಲೀಸ್ ಪರ್ಮಿಷನ್ ಅರ್ಜಿ ಕೊಟ್ಟು ಬರೋದು ಎಲ್ಲ ಅವನದೇ. ಮೈಕು ಮಾತ್ರ ಯಾವಾಗಲೂ ಡಿಗ್ರಿ ಇರೋ ನಮ್ಮ ನಾಲ್ಕು ಜನರ ಕೈಯಲ್ಲಿ. ಹೆಣ್ಣುಮಕ್ಕಳಿಗೆ ಊಟ ಬಡಿಸೋ ಕೆಲಸ, ಇಲ್ಲಾಂದ್ರೆ ಪ್ರಾರ್ಥನೆ ಹಾಡು. ಈ ಪೋಸ್ಟ್ ಬರೆಯೋಕೆ ಕೂತಾಗ, ಎರಡು ವರ್ಷದ ಹಿಂದೆ ಅಂಬೇಡ್ಕರ್ ಜಯಂತಿ ಮುಗಿದ ಮೇಲೆ ಧನ್ಯವಾದ ಹೇಳಿ ನಾನೇ ಹಾಕಿದ್ದ ಪೋಸ್ಟ್ ಕಣ್ಣಿಗೆ ಬಿತ್ತು. ಅವನ ಫೋಟೋ ಹಾಕಿ ನಾನು ಬರೆದಿದ್ದೆ: "ಓಡಾಟಕ್ಕೆ ಒಳ್ಳೇ ಹುಡುಗ."

ಅದೇ ಮಾತು. ಅಕ್ಷರ ಅಕ್ಷರವೂ ಅದೇ. 95 ಲೈಕ್ ಬಿದ್ದಿತ್ತು. ಅವನೂ ಕೆಳಗೆ ಕೈಮುಗಿದ ಚಿಹ್ನೆ ಹಾಕಿದ್ದ, ಖುಷಿಯಾಗಿ. ನಾನು ಅವ್ವನ ಮುಂದೆ ಖುಷಿಪಟ್ಟ ಹಾಗೆ.

ನಿನ್ನೆ ಸಂಜೆ ಅವನ ಮನೆಗೆ ಹೋಗಿದ್ದೆ. ಬರೋ ಏಪ್ರಿಲ್ 14ಕ್ಕೆ ಮೊದಲ ಭಾಷಣ ಅವನದೇ. "ಅಣ್ಣ, ನಂಗೆ ಮಾತಾಡೋಕೆ ಬರಲ್ಲ, ತಡವರಿಸ್ತೀನಿ" ಅಂದ. ತಡವರಿಸು ಅಂದೆ. ಮೂರು ವಾರ ಸಂಜೆ ಸಂಜೆ ಕೂತು ಜೊತೆಯಲ್ಲೇ ಬರೆಯೋಣ, ತಿದ್ದೋಣ. ಅವತ್ತು ಕುರ್ಚಿ, ಶಾಮಿಯಾನ ನನ್ನ ಜವಾಬ್ದಾರಿ. ಒಂದು ವೇಳೆ ಭಾಷಣ ಕೆಟ್ಟು ಹೋದ್ರೆ, ಅದರ ಮುಂದಿನ ಕಾರ್ಯಕ್ರಮದಲ್ಲೂ ಅವನೇ ಮಾತಾಡ್ತಾನೆ.

ಕುರ್ಚಿ ಇಳಿಸೋಕೆ ಬೆಳಿಗ್ಗೆ ಏಳು ಗಂಟೆಗೆ ನಾಲ್ಕು ಜನ ಬೇಕು. ಡಿಗ್ರಿ ಇರೋರು ಬನ್ನಿ.

ಜೈ ಭೀಮ್.